ಮಲಗುವ ಗಂಟು

ಹೊಟ್ಟೆಕಿಚ್ಚಿಗೆ ಒಲೆ ಬೇಡ, ಸೌದೆ ಬೇಡ. ಪಕ್ಕದ ಮನೆಯಲ್ಲಿ ಹೊಗೆ ಎದ್ದರೆ ಸಾಕು, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಗಂಟಕ್ಕನಿಗೆ ಆ ಪಕ್ಕದ ಮನೆಯ ಹೊಗೆ ದಿನಾ ಬೆಳಗ್ಗೆ ಎದ್ದ ಕೂಡಲೇ ಕಾಣುತ್ತಿತ್ತು. ಒಂದೇ ಅಂಗಳಕ್ಕೆ ಎರಡು ಬಾಗಿಲು, ಎರಡಕ್ಕೂ ಒಂದೇ ನಲ್ಲಿ. ಒಂದು ಬಾಗಿಲು ಅವಳದು, ಇನ್ನೊಂದು ಓರಗಿತ್ತಿಯದು. ನಡುವಿನ ಕೋಣೆಯಲ್ಲಿ ಇಬ್ಬರಿಗೂ ಸೇರಿದ ಅತ್ತೆ.

ಗಂಟಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ಪರವಾನಗಿ ಕಚೇರಿಯಲ್ಲಿ ಅವಳು ಅಟೆಂಡರು. ಗಂಡ ಅಲ್ಲಿಯೇ ಜವಾನನಾಗಿದ್ದ. ಮಗಳಿಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂದು ಹೋಗಿಬಿಟ್ಟ. ಅವನು ಕೂರುತ್ತಿದ್ದ ಸ್ಟೂಲನ್ನು ಕಚೇರಿಯವರು ಕನಿಕರಪಟ್ಟು ಅವಳಿಗೆ ಕೊಟ್ಟರು. ಒಂದು ಕಾಲು ಗಿಡ್ಡವಾಗಿದ್ದ ಸ್ಟೂಲು. ಅದು ಅಲುಗಾಡದಿರಲೆಂದು ಗಂಡ ಮಡಿಸಿ ಇಟ್ಟಿದ್ದ ರಟ್ಟಿನ ಚೂರನ್ನು ಅವಳು ಇಪ್ಪತ್ತೆರಡು ವರ್ಷವಾದರೂ ಬದಲಿಸಿರಲಿಲ್ಲ.

ಕೆಲಸ ಹೇಳಿಕೊಟ್ಟವನು ಬೊಚ್ಚುಬಾಯಿಯ ಹಳೆಯ ಜವಾನ. "ನೋಡಮ್ಮಾ, ಬರೆಯೋದು ಗುಮಾಸ್ತರ ಕೆಲಸ, ರುಜು ಹಾಕೋದು ಸಾಹೇಬರ ಕೆಲಸ, ಕಟ್ಟೋದು ನಮ್ಮ ಕೆಲಸ. ಮೂರರಲ್ಲಿ ಯಾವುದು ದೊಡ್ಡದು ಅಂತ ನಿಧಾನಕ್ಕೆ ಗೊತ್ತಾಗುತ್ತೆ" ಅಂದಿದ್ದ. ಕಡತ ಕಟ್ಟುವ ಕೆಂಪು ಲಾಡಿಯಲ್ಲಿ ಮೂರು ಗಂಟುಗಳನ್ನು ಅವನು ಅವಳ ಬೆರಳಿಗೆ ಕಲಿಸಿದ. ಬಾಲ ಹೊರಗೆ ಬಿಟ್ಟು, ಎಳೆದರೆ ಸಡಿಲವಾಗುವುದು ನಡೆಯುವ ಗಂಟು. ಆ ಕಡತ ಇವತ್ತೇ ಸಾಹೇಬರ ಮೇಜಿಗೆ ಹೋಗಬೇಕು. ಎರಡು ಸುತ್ತು ಸುತ್ತಿದ್ದು ಕೂರುವ ಗಂಟು. ಯಾರಾದರೂ ಬಂದು ಕೇಳುವವರೆಗೆ ಅದು ಕೂತಿರಲಿ. ಮೂರು ಸುತ್ತು ಸುತ್ತಿ, ಬಾಲವನ್ನು ಒಳಗೆ ತುರುಕಿ, ಗಂಟನ್ನು ಕಡತದ ಹೊಟ್ಟೆಯ ಕೆಳಗೆ ಮಾಡಿಟ್ಟರೆ ಅದು ಮಲಗುವ ಗಂಟು. ಆ ಕಡತ ಹಿಂದಿನ ಕೋಣೆಯ ತಳದ ಕಪಾಟಿಗೆ ಹೋಗುತ್ತದೆ. ಅದನ್ನು ಎಬ್ಬಿಸಿದವರನ್ನು ಯಾರೂ ಕಂಡಿಲ್ಲ.

ಬಿಳಿ ದೊರೆಗಳ ಕಾಲದಲ್ಲಿ, ಅವರ ಎದುರಿಗೆ ಬಾಯಿ ಬಿಡುವ ಹಾಗಿಲ್ಲದ ನಮ್ಮವರು ಕಂಡುಕೊಂಡ ಕೈಮಾತು ಅದು. ಗುಮಾಸ್ತರು ಕಟ್ಟಿನ ಮೇಲೆ ಬೆರಳಾಡಿಸಿದರೆ ಸಾಕು, ಒಳಗಿನ ಹಣೆಬರಹ ಗೊತ್ತಾಗುತ್ತಿತ್ತು. ಆಮೇಲೆ ದೊರೆಗಳು ಹಡಗು ಹತ್ತಿದರು, ಬಾವುಟ ಬದಲಾಯಿತು, ಗೋಡೆಯ ಮೇಲಿನ ಪಟ ಬದಲಾಯಿತು. ಗಂಟು ಬದಲಾಗಲಿಲ್ಲ.

ಬದಲಾಗದ್ದು ಇನ್ನೂ ಒಂದಿತ್ತು, ಹತ್ತಾಳಿನ ಕಾಯಿದೆ. ಹತ್ತು ಜನ ಒಂದೆಡೆ ಸೇರಿದರೆ ದಂಗೆ ಏಳುತ್ತಾರೆ ಅನ್ನುವುದು ದೊರೆಗಳ ಭಯ. ಅದಕ್ಕೇ ಯಾವ ಕಾರ್ಖಾನೆಯವನಾದರೂ ಹತ್ತನೆಯ ಆಳನ್ನು ಇಟ್ಟುಕೊಳ್ಳಬೇಕಾದರೆ ಸರ್ಕಾರದ ಅಪ್ಪಣೆ ಬೇಕು, ಅಪ್ಪಣೆಗೆ ಹದಿನೇಳು ರುಜು ಬೇಕು ಅಂತ ಬರೆದಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮವರೂ ಅದನ್ನು ಹಾಗೆಯೇ ಬಿಟ್ಟರು. ಹೊಸ ಮನೆ ಹೊಕ್ಕವರು, ಹಳೆಯ ನಾಯಿ ಹೇಗೂ ಇದೆ, ಬೊಗಳಿಕೊಂಡಿರಲಿ ಅಂದ ಹಾಗೆ. ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಗುಂಡಿ ಮಾಡುವವನ ಹತ್ತಿರ ಒಂಬತ್ತು ಜನ, ಬಕೆಟ್ ಮಾಡುವವನ ಹತ್ತಿರ ಒಂಬತ್ತು ಜನ, ಬೀಗದವನ ಹತ್ತಿರ ಒಂಬತ್ತು ಜನ. ವ್ಯಾಪಾರ ಬೆಳೆದರೆ ಹೆಂಡತಿಯ ಹೆಸರಲ್ಲಿ ಇನ್ನೊಂದು ಕೋಣೆ, ಅತ್ತೆಯ ಹೆಸರಲ್ಲಿ ಮತ್ತೊಂದು. ಆ ಬೀದಿಯ ಮಕ್ಕಳು ಎಣಿಕೆ ಕಲಿಯುವಾಗ "ಎಂಟು, ಒಂಬತ್ತು, ಬಾಡಿಗೆಗೆ ಇನ್ನೊಂದು ಕೋಣೆ" ಅನ್ನುತ್ತಿದ್ದವಂತೆ.

ಇಂಥ ಊರಲ್ಲಿ ಗಂಟಕ್ಕ ಅಂದರೆ ಸಾಮಾನ್ಯಳೇ? ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಟ್ಟ ಮೇಲೂ ಗಂಟಕ್ಕ ಕೊಡಬೇಕಿತ್ತು. ಅವಳು ಬೀದಿಗೆ ಬಂದರೆ ಗುಂಡಿಯವನು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ಹಾಗಂತ ಅವಳು ಯಾರ ಮುಂದೂ ಕೈ ಚಾಚಿದವಳಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ: ಬಂದು ಕೇಳಬೇಕು. "ಅಕ್ಕಾ, ಸ್ವಲ್ಪ ನೋಡಿ ಅಕ್ಕಾ" ಅನ್ನಬೇಕು. ಆ ಮಾತು ಕಿವಿಗೆ ಬಿದ್ದರೆ ಕೂರುವ ಗಂಟು ತಾನಾಗಿ ನಡೆಯುವ ಗಂಟಾಗುತ್ತಿತ್ತು. ಗಂಡನಿಲ್ಲದ ಹೆಂಗಸು, ಕುಂಟು ಸ್ಟೂಲು, ಅರ್ಧ ಅಂಗಳದ ಮನೆ. ಆ ಒಂದು ಮಾತನ್ನು ಬಿಟ್ಟರೆ ಅವಳ ಪಾಲಿಗೆ ಬಂದದ್ದು ಬಹಳವೇನೂ ಇರಲಿಲ್ಲ.

ಇನ್ನು ಓರಗಿತ್ತಿ. ಮನೆಯಲ್ಲಿ ಅವಳು ಚಿಕ್ಕವಳು. ಮುಂದಿನ ಎರಡು ಹಲ್ಲಿನ ನಡುವೆ ಒಂದು ಸಂದಿ. ನಕ್ಕರೆ ನಗು ಅಲ್ಲಿಂದಲೇ ಮೊದಲು ಹೊರಗೆ ಬರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಚಪ್ಪಲಿ ಅಂಗಡಿಯವನು ರಟ್ಟಿನ ಡಬ್ಬಿ ಸಿಗದೆ ಪರದಾಡುತ್ತಿದ್ದದ್ದನ್ನು ನೋಡಿ, ಹಿಟ್ಟಿನ ಗೋಂದು ಕಾಯಿಸಿ, ಅಡಿಗೆಮನೆಯಲ್ಲಿ ಕೂತು ಹತ್ತು ಡಬ್ಬಿ ಅಂಟಿಸಿದಳು. ಆ ಒಂದು ವರ್ಷ ಗಂಟಕ್ಕ ಅವಳನ್ನು ಸ್ವಂತ ತಂಗಿಯ ಹಾಗೆ ನೋಡಿಕೊಂಡಳು. ಯಾಕೆಂದರೆ ಚಿಕ್ಕವಳು ಕೇಳುತ್ತಿದ್ದಳು. "ಅಕ್ಕಾ, ಕಟ್ಟು ಬಿಚ್ಚಿಹೋಗುತ್ತೆ, ಹೇಗೆ ಕಟ್ಟಲಿ?" ಅಂತ ಕೇಳಿದಾಗ ಗಂಟಕ್ಕ ಮೂರೂ ಗಂಟು ಹೇಳಿಕೊಟ್ಟಳು. ಇವತ್ತು ಹೋಗುವ ಕಟ್ಟಿಗೆ ನಡೆಯುವ ಗಂಟು, ನಾಳೆಯದಕ್ಕೆ ಕೂರುವ ಗಂಟು, ಅಟ್ಟದ ಮೇಲೆ ಇಡುವುದಕ್ಕೆ ಮಲಗುವ ಗಂಟು.

ಆಮೇಲೆ ಡಬ್ಬಿ ಹತ್ತಿದ್ದದ್ದು ನೂರಾಯಿತು. ಒಂಬತ್ತಾಳಿನ ಬೀದಿಯಲ್ಲಿ ಚಿಕ್ಕವಳದೂ ಒಂದು ಕೋಣೆಯಾಯಿತು. ಗಂಡ ಸೈಕಲ್ಲಿನ ಮೇಲೆ ಕಟ್ಟು ಹೇರಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರುತ್ತಿದ್ದ. ಜನ ಅವಳನ್ನು ಡಬ್ಬಿಯಮ್ಮ ಅಂದರು. ಅಮ್ಮ! ಇವಳು ಬರೀ ಅಕ್ಕ, ಅವಳು ಅಮ್ಮ. ಗಂಟಕ್ಕನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಅಲ್ಲಿ ಅಂತ ಕಾಣುತ್ತದೆ.

ಕೆಲಸ ಹೆಚ್ಚಾದಾಗ ಚಿಕ್ಕವಳೂ ಕದ್ದು ಹತ್ತನೆಯವಳನ್ನು ಇಟ್ಟುಕೊಳ್ಳುತ್ತಿದ್ದಳು. ಕಚೇರಿಯಿಂದ ಆಳು ಎಣಿಸಲು ಇನ್‌ಸ್ಪೆಕ್ಟರು ಹೊರಟ ಕೂಡಲೇ ಗಂಟಕ್ಕ ಟೀ ಅಂಗಡಿಯವನ ಕೈಲಿ "ಮಳೆ ಬರೋ ಹಾಗಿದೆ" ಅಂತ ಹೇಳಿಕಳಿಸುತ್ತಿದ್ದಳು. ಹತ್ತನೆಯವಳು ದೊಡ್ಡ ಪೆಟ್ಟಿಗೆಯೊಳಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಒಂದು ಸಲ ಇನ್‌ಸ್ಪೆಕ್ಟರು ಅದೇ ಪೆಟ್ಟಿಗೆಗೆ ಒರಗಿ ಬರೆಯುತ್ತಿರುವಾಗ ಒಳಗಿನವಳು ಸೀನಿಬಿಟ್ಟಳು. ಚಿಕ್ಕವಳು ತಡಮಾಡದೆ ತಾನೂ ಮೂರು ಸಲ ಸೀನಿ, "ಗೋಂದಿನ ವಾಸನೆ ಸಾರ್, ಒಂದು ಶುರುವಾದರೆ ನಾಲ್ಕಕ್ಕೆ ಕಮ್ಮಿ ನಿಲ್ಲಲ್ಲ" ಅಂದಳಂತೆ. ಬೀದಿಯೆಲ್ಲಾ ಇದನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕಿತು. ಅತ್ತೆಯಂತೂ ಬಂದವರಿಗೆಲ್ಲಾ ಸೀನಿ ತೋರಿಸಿದಳು. ಹೇಳಿಕಳಿಸಿದವರು ಯಾರು ಅಂತ ಯಾರೂ ಕೇಳಲಿಲ್ಲ.

"ನಾನು ಮಳೆ ಅನ್ನದಿದ್ದರೆ ಇವಳು ಸೀನೋಕೆ ಎಲ್ಲಿರ್ತಿದ್ದಳು?" ಅಂತ ಗಂಟಕ್ಕ ಮಗಳ ಮುಂದೆ ಗೊಣಗಿದಳು.

"ಹೋಗಲಿ ಬಿಡಮ್ಮಾ. ಚಿಕ್ಕಮ್ಮ ಹೇಳೋವಾಗ ನಿನ್ನ ಹೆಸರೂ ಹೇಳ್ತಾರೆ."

"ಹೇಳ್ತಾಳೆ, ಕೊನೇಲಿ ಹೇಳ್ತಾಳೆ. ನಕ್ಕು ಮುಗಿದ ಮೇಲೆ ಯಾರಿಗೆ ಕೇಳಿಸುತ್ತೆ?"

ಈ ಮಗಳಿಗೆ ಈಗ ಇಪ್ಪತ್ತಾರು. ಓದು ಮುಗಿಸಿ ಆರು ಸಲ ಸರ್ಕಾರಿ ಪರೀಕ್ಷೆ ಬರೆದಿದ್ದಳು. ಕುರ್ಚಿ ಹನ್ನೆರಡು, ಕೂರಲು ಬಂದವರು ನಾಲ್ಕು ಸಾವಿರ. ಊರಿಗೆಲ್ಲಾ ಅಪ್ಪಣೆ ಕಟ್ಟಿಕೊಡುವ ಗಂಟಕ್ಕ ಮಗಳಿಗೊಂದು ಸ್ಟೂಲು ಕೊಡಿಸಲಾರದೆ ಹೋದಳು. ಫಲಿತಾಂಶ ಬಂದಾಗೆಲ್ಲಾ ಮಗಳು ಅಂಗಳ ದಾಟಿ ಚಿಕ್ಕಮ್ಮನ ಬಾಗಿಲಿಗೆ ಹೋಗುತ್ತಿದ್ದಳು. ಅಳಲು ಹೋದವಳು ನಗುತ್ತಾ ಬರುತ್ತಿದ್ದಳು, ಬೆರಳಿಗೆಲ್ಲಾ ಗೋಂದು ಮಾಡಿಕೊಂಡು. ತಾಯಿಗೆ ಸುಡುತ್ತಿದ್ದದ್ದು ಆ ಗೋಂದು.

ಹೀಗಿರುವಾಗ ದೇಶದಲ್ಲಿ ಚುನಾವಣೆ ಬಂತು. ದೊರೆಗಳು ಬಿಟ್ಟುಹೋದಂದಿನಿಂದ ಗದ್ದುಗೆ ಮೇಲೆ ಕೂತಿದ್ದ ಪಕ್ಷ ಬಿತ್ತು. ಹೊಸಬರು ಒಂದೇ ಮಾತು ಹೇಳಿಕೊಂಡು ಗೆದ್ದಿದ್ದರು: ಕೆಲಸ ಕೊಡುವವರ ಕೈ ಕಟ್ಟಿದ್ದು ಸಾಕು. ಗೆದ್ದವರು ಇಂಥದ್ದನ್ನೆಲ್ಲಾ ಮರೆಯುತ್ತಾರೆ ಅಂತ ಊರು ಸುಮ್ಮನಿತ್ತು. ಆರು ತಿಂಗಳಿಗೆ ಕಚೇರಿಗೆ ಸುತ್ತೋಲೆ ಬಂತು. ಹೆಡ್ ಗುಮಾಸ್ತರು ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದರು. ಹತ್ತಾಳಿನ ಅಪ್ಪಣೆಗೆ ಇನ್ನು ಹದಿನೇಳು ರುಜು ಬೇಡ, ಒಂದು ಸಾಕು. ಅರ್ಜಿಯನ್ನು ಮುಂದಿನ ಕಿಟಕಿಯಲ್ಲಿ ಕೊಡಬೇಕು. ಅಲ್ಲಿ ತಾರೀಖಿನ ಮುದ್ರೆ ಒತ್ತಿ ಚೀಟಿ ಕೊಡಬೇಕು. ಮೂವತ್ತು ದಿನದೊಳಗೆ ಕಡತದಲ್ಲಿ ಯಾರೂ ತಕರಾರು ಬರೆಯದಿದ್ದರೆ ಅಪ್ಪಣೆ ಕೊಟ್ಟ ಹಾಗೆಯೇ. ಆಮೇಲೆ ಇಲ್ಲ ಅನ್ನುವ ಹಕ್ಕು ಸಾಹೇಬರಿಗೂ ಇಲ್ಲ.

"ಮೌನವೇ ಸಮ್ಮತಿ ಅಂತೆ!" ಅಂದರು ಹೆಡ್ ಗುಮಾಸ್ತರು. "ಇದೇನು ಹೆಣ್ಣು ಕೇಳೋ ಮಾತೇನ್ರೀ, ತಲೆ ತಗ್ಗಿಸಿದರೆ ಒಪ್ಪಿಗೆ ಅನ್ನೋಕೆ?"

ಕಚೇರಿಯೆಲ್ಲಾ ನಕ್ಕಿತು. ಸುತ್ತೋಲೆಯನ್ನು ಗೋಡೆಗೆ ಅಂಟಿಸುವ ಕೆಲಸ ಗಂಟಕ್ಕನದು. ಅಂಟಿಸುತ್ತಾ ಅವಳೂ ಒಂದು ಮಾತು ಸೇರಿಸಿದಳು: "ಗೋಡೆ ಮೇಲಿನದೆಲ್ಲಾ ನಡೆಯೋದಾದರೆ, ಇಲ್ಲಿ ಉಗುಳಬಾರದು ಅಂತ ಅಂಟಿಸಿ ಎಷ್ಟು ವರ್ಷ ಆಯ್ತು ಗುಮಾಸ್ತರೇ?" ಎಲ್ಲರೂ ಆ ಹಾಳೆಯ ಕೆಳಗಿನ ಗೋಡೆಯನ್ನು ನೋಡಿ ಮತ್ತೊಮ್ಮೆ ನಕ್ಕರು. ಅಂದಹಾಗೆ, ಅವಳು ಬಳಸಿದ ಗೋಂದು ಚಿಕ್ಕವಳ ಮನೆಯದೇ. ಗಟ್ಟಿಯಾಗಿ ಕೂತಿತು.

ಎರಡು ವಾರ ಕಳೆದಿರಬಹುದು. ಕಿಟಕಿಯಿಂದ ಬಂದ ಅರ್ಜಿಗಳನ್ನು ಕಡತ ಮಾಡಿ ಕಟ್ಟುತ್ತಾ ಗಂಟಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ನಾಲ್ಕನೆಯದು ಕೈಗೆ ಬಂದಾಗ ರಟ್ಟಿನ ಮೇಲಿನ ಬರಹ ಗುರುತು ಹತ್ತಿತು. ಡಬ್ಬಿ ಕಾರ್ಖಾನೆ, ಇನ್ನೂ ಮೂವತ್ತು ಜನರನ್ನು ಇಟ್ಟುಕೊಳ್ಳಲು ಅಪ್ಪಣೆ ಬೇಡಿ. ಔಷಧಿ ಕಂಪನಿಯೊಂದು ಎರಡು ತಿಂಗಳಲ್ಲಿ ಡಬ್ಬಿ ಬೇಕು ಅಂದಿರುವ ಕಾಗದವೂ ಜೊತೆಗಿತ್ತು. ಜನ ಸಿಗದಿದ್ದರೆ ಆ ಕೆಲಸ ಬೇರೆ ಊರಿಗೆ.

ಗಂಟಕ್ಕನ ಕೈ ನಿಂತಿತು. ಕೇಳಲಿಲ್ಲ! ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವಳು, ಬೆಳಗ್ಗೆ ತಾನೇ "ಅಕ್ಕಾ, ನಿನ್ನ ಕೊಡ ತುಂಬಿತು" ಅಂದವಳು, ಯಾರೋ ಪರಊರಿನವಳ ಹಾಗೆ ಸಾಲಿನಲ್ಲಿ ನಿಂತು ಕಿಟಕಿಯಲ್ಲಿ ಅರ್ಜಿ ಕೊಟ್ಟು ಹೋಗಿದ್ದಳು. ಅಕ್ಕಾ ಸ್ವಲ್ಪ ನೋಡು ಅನ್ನಲಿಲ್ಲ. ಗಂಟಕ್ಕ ಹಾಳೆ ತಿರುವಿದಳು. ಹಿಂದೆ ಸೇರಲಿರುವವರ ಪಟ್ಟಿ. ಮೊದಲನೆಯ ಹೆಸರು ಮೇಲ್ವಿಚಾರಕಿಯದು. ಮೊದಲನೆಯ ಹೆಸರು ತನ್ನ ಮಗಳದು. ಪಕ್ಕದಲ್ಲಿ ಅವಳದೇ ರುಜು, ಕೊನೆಯ ಅಕ್ಷರದ ಬಾಲ ಎಳೆಯುವ ರೀತಿ ಅವಳಪ್ಪನದೇ.

ಹೊಟ್ಟೆಯೊಳಗೆ ಏನೋ ಧಗ್ ಅಂದಿತು. ಚಿಕ್ಕವಳು ಬೀದಿಯನ್ನು ತೆಗೆದುಕೊಂಡಳು, ಅತ್ತೆಯನ್ನು ತೆಗೆದುಕೊಂಡಳು, ಊರಿನ ನಗುವನ್ನೆಲ್ಲಾ ತೆಗೆದುಕೊಂಡಳು. ಉಳಿದಿದ್ದದ್ದು ಇದೊಂದು, ಇದನ್ನೂ! ಆರು ವರ್ಷ ತಾನು ಕೊಡಲಾರದೆ ಹೋದದ್ದನ್ನು ಅವಳು ಒಂದು ಸಾಲು ಬರೆದು ಕೊಟ್ಟುಬಿಡುತ್ತಾಳಲ್ಲ. ತಾಯಿಯೆನ್ನುವವಳು ಇನ್ನು ಯಾತಕ್ಕೆ, ನಲ್ಲಿಗೆ ಕಾವಲು ಕೂರಲಿಕ್ಕಾ?

ಬೆರಳುಗಳು ಅವಳ ಅಪ್ಪಣೆಗೆ ಕಾಯಲಿಲ್ಲ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಬಾಲ ಒಳಗೆ. ಗಂಟು ಹೊಟ್ಟೆಯ ಕೆಳಗೆ. ಎದ್ದು ಹಿಂದಿನ ಕೋಣೆಗೆ ಹೋಗಿ, ತಳದ ಕಪಾಟಿನಲ್ಲಿ, ಯಾವುದೋ ಕಾಲದಲ್ಲಿ ನೀರು ಕುಡಿದು ಉಬ್ಬಿದ ಕಡತಗಳ ಹಿಂದೆ ಅದನ್ನು ಮಲಗಿಸಿ ಬಂದಳು. ಆಮೇಲೆ ಕೈ ತೊಳೆದುಕೊಂಡಳು. ಯಾಕೆ ತೊಳೆದಳೋ, ಕೈಯಲ್ಲಿ ಏನೂ ಅಂಟಿರಲಿಲ್ಲ.

ಶಾಶ್ವತವಾಗಿ ಮಲಗಿಸಬೇಕು ಅಂತ ಅವಳಿಗಿರಲಿಲ್ಲ, ಅದನ್ನೂ ಹೇಳಬೇಕು. ಬರಲಿ, ಬಂದೇ ಬರುತ್ತಾಳೆ, ಬಂದು ಒಂದು ಸಲ ಅಕ್ಕಾ ಅನ್ನಲಿ, ಎಳೆದು ಬಿಚ್ಚುತ್ತೇನೆ ಅಂತ ಲೆಕ್ಕ ಹಾಕಿದ್ದಳು. ಆ ಹೊತ್ತಿಗೆ ಆಡಬೇಕಾದ ಮಾತನ್ನೂ ಸಿದ್ಧ ಮಾಡಿಕೊಂಡಿದ್ದಳು: "ಅಯ್ಯೋ, ನಿನ್ನದಾ? ಮೊದಲೇ ಹೇಳಬಾರದಿತ್ತಾ?" ತಲೆ ಬಾಚಿಕೊಳ್ಳುವಾಗ ಒಮ್ಮೆ, ಬಸ್ಸಿಗೆ ಕಾಯುವಾಗ ಒಮ್ಮೆ ಅದನ್ನು ಒಳಗೊಳಗೇ ಆಡಿ ನೋಡುತ್ತಿದ್ದಳು.

ಚಿಕ್ಕವಳು ಬರಲಿಲ್ಲ. ಹತ್ತು ದಿನವಾಯಿತು, ಹದಿನೈದಾಯಿತು. ಬರುವ ಬದಲು ಅವಳು ಬೀದಿಯ ತುದಿಯಲ್ಲಿ ತಗಡಿನ ಶೆಡ್ಡು ಹಾಕಿಸಿದಳು, ಬಡಗಿಗೆ ಎಂಟು ಉದ್ದನೆಯ ಮೇಜು ಹೇಳಿದಳು. ಒಂದು ಭಾನುವಾರ ಅಂಗಳದಲ್ಲಿ ಬಟ್ಟೆ ಒಗೆಯುತ್ತಾ ಗಂಟಕ್ಕ ತಡೆಯಲಾರದೆ ಕೇಳಿಯೇಬಿಟ್ಟಳು.

"ಏನೇ, ಎಂಟು ಮೇಜಂತೆ? ಒಂಬತ್ತು ಜನಕ್ಕೆ ಎಷ್ಟು ಮೇಜು ಬೇಕು? ಮಲಗೋಕಾ?"

"ಬರೋರಿಗೆ ಬೇಕಲ್ಲ ಅಕ್ಕಾ."

"ಅಪ್ಪಣೆ ಬಂದುಬಿಡ್ತಾ ಹಾಗಾದರೆ?"

"ಬರುತ್ತೆ. ಅರ್ಜಿ ಕೊಟ್ಟಾಯ್ತಲ್ಲ."

"ಅರ್ಜಿ ಕೊಟ್ಟಾಯ್ತಂತೆ! ನಮ್ಮ ಕಚೇರೀಲಿ ತಾತ ಕೊಟ್ಟ ಅರ್ಜಿಗೆ ಮೊಮ್ಮಗ ಬಂದು ಉತ್ತರ ತಗೊಂಡು ಹೋಗಿದ್ದಾನೆ, ಗೊತ್ತಾ?"

"ಗೊತ್ತಕ್ಕಾ. ಅದಕ್ಕೇ, ದಿನಾ ಎಲ್ಲರ ಕಾಟ ತಾಳಿಕೊಳ್ತೀಯ, ನಾನೂ ಯಾಕೆ ನಿನಗೆ ತೊಂದರೆ ಕೊಡಲಿ ಅಂತ ಕಿಟಕೀಲೇ ಕೊಟ್ಟೆ."

ತೊಂದರೆ! ತನ್ನ ಬಾಳಿಗೆಲ್ಲಾ ಇದ್ದ ಒಂದೇ ಒಂದು ಸುಖಕ್ಕೆ ಇವಳು ಇಟ್ಟ ಹೆಸರು ತೊಂದರೆ. ಗಂಟಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸಿದ ರಭಸಕ್ಕೆ ಒಂದು ಗುಂಡಿ ಹಾರಿ ಅತ್ತೆಯ ಮಡಿಲಿಗೆ ಬಿತ್ತು. ಬಿಸಿಲಿಗೆ ಕಾಲು ಚಾಚಿ ಕೂತಿದ್ದ ಮುದುಕಿ ಅದನ್ನು ಹೆಕ್ಕಿ ಹಿಡಿದಳು.

"ಹಿರೀಸೊಸೆ, ಹೀಗೆ ಮುಖ ಗಂಟು ಹಾಕಿಕೊಂಡು ನಿಂತರೆ ಒಗೆದ ಬಟ್ಟೆ ಒಣಗಲ್ಲ ಕಣೇ. ಸ್ವಲ್ಪ ಆ ಕಡೆ ತಿರುಗಿಕೋ, ಬಿಸಿಲು ಬೀಳಲಿ."

ಚಿಕ್ಕವಳಿಗೆ ನಗು ತಡೆಯಲಿಲ್ಲ. ಹಲ್ಲಿನ ಸಂದಿಯಿಂದ ಬಂದೇಬಿಟ್ಟಿತು. ಕೆಟ್ಟದ್ದೆಂದರೆ ಮಗಳೂ ನಕ್ಕಳು.

ಆ ಸಂಜೆ ಮಗಳು ತಾಯಿಯ ಪಕ್ಕ ಬಂದು ಕೂತಳು. "ಅಮ್ಮಾ, ಚಿಕ್ಕಮ್ಮನ ಫೈಲು ಎಲ್ಲಿವರೆಗೆ ಬಂದಿದೆ ಅಂತ ನೀನೇ ಒಂದು ಸಲ ನೋಡಬಾರದಾ?"

"ನನ್ನನ್ನ ಯಾರು ಕೇಳಿದ್ದಾರೆ?"

"ನಾನು ಕೇಳ್ತಿದ್ದೀನಲ್ಲ."

"ನೀನು ಯಾಕೆ ಕೇಳ್ತೀಯ? ನಿನಗೇನು ಅದರಲ್ಲಿ?"

ಮಗಳು ಹೇಳಲು ಬಾಯಿ ತೆರೆದಳು. ತಾಯಿಯ ಮುಖ ನೋಡಿ, ಚಾಪೆಯ ಕಡ್ಡಿಯೊಂದನ್ನು ಕೀಳುತ್ತಾ, "ಏನಿಲ್ಲ, ಸುಮ್ಮನೆ" ಅಂದಳು. ತನಗೆ ಗೊತ್ತಿರುವುದನ್ನೇ ಮಗಳು ತನ್ನಿಂದ ಮುಚ್ಚಿಡುತ್ತಿದ್ದಾಳೆ. ಹೆದರಿ ಮುಚ್ಚಿಡುತ್ತಿದ್ದಾಳೆ. ಮಗಳ ಆ ಸುಮ್ಮನೆ ಅನ್ನುವ ಮಾತು ಗಂಟಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು.

ಇಪ್ಪತ್ತೆಂಟನೆಯ ದಿನ ಅವಳು ಹಿಂದಿನ ಕೋಣೆಗೆ ಹೋದಳು. ಹಾಳಾಗಲಿ, ಕೇಳಲಿ ಬಿಡಲಿ, ಹುಡುಗಿಯ ಮುಖ ನೋಡಿಯಾದರೂ ಇದನ್ನು ಬಿಚ್ಚಿ ನಡೆಯುವ ಗಂಟು ಹಾಕಿಬಿಡೋಣ ಅಂದುಕೊಂಡು. ಬಗ್ಗಿ ಕೈ ಹಾಕಿದಳು, ಕಡತ ಬೆರಳಿಗೆ ಸಿಕ್ಕಿತು. ಆ ಕೋಣೆಯ ಕಿಟಕಿ ಟೀ ಅಂಗಡಿಯ ಹಿತ್ತಲಿಗೆ. ಅಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

"ಮೂವತ್ತು ಮನೆ ಒಲೆ ಹಚ್ತಾಳೆ ನೋಡು ಡಬ್ಬಿಯಮ್ಮ. ನನ್ನ ಸೊಸೇನೂ ತಗೋತೀನಿ ಅಂದಿದ್ದಾಳೆ."

"ಹುಟ್ಟಿದರೆ ಅಂಥವರು ಹುಟ್ಟಬೇಕಮ್ಮಾ. ಅದೇ ಮನೇಲಿ ಇನ್ನೊಬ್ಬಳಿದ್ದಾಳೆ ನೋಡು, ಜನ್ಮವೆಲ್ಲಾ ಕಾಗದ ಕಟ್ಟಿದ್ದೇ ಬಂತು."

ಗಂಟಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಕಡತ ಇದ್ದಲ್ಲಿಯೇ ಮಲಗಿತು.

ಅಂದು ಅವಳು ಅದನ್ನು ಬಿಚ್ಚಿದ್ದರೆ ಏನಾಗುತ್ತಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಕಡತ ಹೆಡ್ ಗುಮಾಸ್ತರ ಮೇಜಿಗೆ ಹೋಗುತ್ತಿತ್ತು. ಒಂದು ತಕರಾರೂ ಬರೆಯದೆ ಕಡತವನ್ನು ಮುಂದಕ್ಕೆ ಬಿಟ್ಟರೆ ಗುಮಾಸ್ತರಿಗೆ ರಾತ್ರಿ ಊಟ ಸೇರುವುದಿಲ್ಲ. ಆ ತಿಂಗಳು ಬಂದ ನಲವತ್ತೊಂದು ಅರ್ಜಿಗಳಲ್ಲಿ ನಲವತ್ತಕ್ಕೆ ಅವರು ತಕರಾರು ಬರೆದಿದ್ದರು: ಒಂದಕ್ಕೆ ಕಿಟಕಿ ಚಿಕ್ಕದು, ಒಂದಕ್ಕೆ ನಕ್ಷೆಯಲ್ಲಿ ಬಾವಿ ಇಲ್ಲ, ಒಂದಕ್ಕೆ ಅರ್ಜಿದಾರನ ತಾತನ ಹೆಸರು ಸ್ಪಷ್ಟವಿಲ್ಲ. ಅವರ ಲೇಖನಿಗೆ ಸಿಗದೆ ಉಳಿದದ್ದು ಒಂದೇ ಒಂದು.

ಮೂವತ್ತೊಂದನೆಯ ದಿನ, ಹನ್ನೊಂದು ಗಂಟೆಗೆ, ಚಿಕ್ಕವಳು ಕಚೇರಿಯ ಮೆಟ್ಟಿಲು ಹತ್ತಿದಳು. ಒಳ್ಳೆಯ ಬಟ್ಟೆ ಉಟ್ಟಿದ್ದಳು, ಜೊತೆಗೆ ಗಂಟಕ್ಕನ ಮಗಳಿದ್ದಳು. ಗಂಟಕ್ಕನ ಎದೆ ತುಂಬಿ ಬಂತು. ಬಂದಳು! ಕೊನೆಗೂ ಬಂದಳು! ಎದ್ದು ನಿಂತು, ತನ್ನ ಸ್ಟೂಲನ್ನು ಒರೆಸಿ ಮುಂದಕ್ಕೆ ಎಳೆದಳು. ಅಯ್ಯೋ ನಿನ್ನದಾ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

ಚಿಕ್ಕವಳು ಅವಳಿಗೊಂದು ನಗು ಕೊಟ್ಟು, ನೇರವಾಗಿ ಸಾಹೇಬರ ಮೇಜಿನ ಹತ್ತಿರ ಹೋಗಿ ಚೀಟಿ ಚಾಚಿದಳು. "ಸಾರ್, ಮೂವತ್ತು ದಿನ ನಿನ್ನೆಗೆ ಮುಗೀತು. ತಕರಾರು ಅಂತ ನನಗೆ ಯಾವ ಕಾಗದವೂ ಬಂದಿಲ್ಲ. ಅಪ್ಪಣೆ ಪತ್ರ ಕೊಡಿ."

ಸಾಹೇಬರು ಹೊಸಬರು, ಹೊಸ ಸರ್ಕಾರದ ಭಯ ಇದ್ದವರು. ಮುದ್ರೆಯ ತಾರೀಖನ್ನು ನೋಡಿದರು, ಗೋಡೆಯ ಸುತ್ತೋಲೆಯನ್ನು ನೋಡಿದರು, ಹೆಡ್ ಗುಮಾಸ್ತರನ್ನು ನೋಡಿದರು. "ಇದಕ್ಕೆ ನೀವು ಏನೂ ಬರೆದಿಲ್ಲವೇನ್ರೀ?"

"ನನ್ನ ಕೈಗೇ ಬಂದಿಲ್ಲ ಸಾರ್" ಅಂದರು ಗುಮಾಸ್ತರು, ತಿಂಡಿ ತಪ್ಪಿದವರ ಹಾಗೆ.

"ಹಾಗಾದರೆ ಮುಗೀತಲ್ಲ. ಗಂಟಕ್ಕಾ, ಕಡತ ಹುಡುಕಿ ತಗೊಂಡು ಬನ್ನಿ."

ಗಂಟಕ್ಕನಿಗೆ ಆಗ ಅರ್ಥವಾಯಿತು. ತಾನೇ ಅಂಟಿಸಿದ ಸುತ್ತೋಲೆ, ತಾನೇ ನಕ್ಕ ಮಾತು. ಇಪ್ಪತ್ತೆರಡು ವರ್ಷ ಯಾವ ಗಂಟು ಕಡತವನ್ನು ಕೊಲ್ಲುತ್ತಿತ್ತೋ ಅದೇ ಗಂಟು ಈ ಕಡತವನ್ನು ಬದುಕಿಸಿತ್ತು. ಹುಡುಕುವ ನಾಟಕವನ್ನೂ ಆಡಲಿಲ್ಲ. ನೇರ ಹೋಗಿ, ಬಗ್ಗಿ, ತಂದು ಮೇಜಿನ ಮೇಲಿಟ್ಟಳು.

ಹೆಡ್ ಗುಮಾಸ್ತರ ಬೆರಳು ಅಭ್ಯಾಸಬಲದಿಂದ ಕಡತದ ಹೊಟ್ಟೆಯ ಕೆಳಗೆ ಹರಿದು ಅಲ್ಲೇ ನಿಂತಿತು. ಕನ್ನಡಕದ ಮೇಲಿನಿಂದ ಗಂಟಕ್ಕನನ್ನೊಮ್ಮೆ ನೋಡಿದರು. ಸಾಹೇಬರು ಲಾಡಿ ಎಳೆದರು, ತಿರುಗಿಸಿದರು, ಉಗುರು ಹಾಕಿದರು.

"ಇದೇನ್ರೀ ಇದು, ತಲೆಯೂ ಇಲ್ಲ, ಬಾಲವೂ ಇಲ್ಲ? ಕತ್ತರಿ ಕೊಡಿ."

"ಕತ್ತರಿ ಯಾಕೆ ಸಾರ್, ಈ ಕಡೆ ಕೊಡಿ" ಅಂದಳು ಚಿಕ್ಕವಳು. ಕಡತವನ್ನು ಬೋರಲು ಹಾಕಿ, ಕಿರುಬೆರಳಿನ ಉಗುರಿನಿಂದ ಬಾಲ ಹೊರಗೆಳೆದು, ಮೂರು ಸುತ್ತನ್ನೂ ಸರಸರ ಬಿಚ್ಚಿದಳು. "ನನಗೆ ಬರುತ್ತೆ. ನಮ್ಮಕ್ಕ ಹೇಳಿಕೊಟ್ಟಿದ್ದು."

ಗಂಟಕ್ಕ ನೆಲ ನೋಡಿದಳು. ಮಗಳು ತಾಯಿಯನ್ನು ನೋಡಿದಳು. ಅವಳಿಗೂ ಆ ಗಂಟು ಗೊತ್ತಿತ್ತು. ಚಿಕ್ಕಮ್ಮನ ಅಟ್ಟದ ಮೇಲಿನ ಕಟ್ಟುಗಳನ್ನು ಎಷ್ಟು ಸಲ ಬಿಚ್ಚಿಲ್ಲ!

ಸಾಹೇಬರು ಹಾಳೆ ತಿರುವಿ ಬೆರಗಾದರು. "ಒಂದು ಗೀಟೂ ಇಲ್ಲ. ಈ ಕಚೇರೀಲಿ ಇಷ್ಟು ಶುದ್ಧವಾದ ಕಡತ ನಾನು ನೋಡೇ ಇಲ್ಲ." ರುಜು ಹಾಕಿದರು.

ಹೊರಗೆ ಮೆಟ್ಟಿಲ ಹತ್ತಿರ ಚಿಕ್ಕವಳು ನಿಂತು ಹೇಳಿದಳು: "ಬಹಳ ಜೋಪಾನವಾಗಿಟ್ಟಿದ್ದೆ ಅಕ್ಕಾ. ಯಾರ ಕೈಗೂ ಸಿಗದ ಹಾಗೆ."

ಅದು ಚುಚ್ಚುಮಾತೋ, ಉಪಕಾರ ನೆನೆದದ್ದೋ ಗಂಟಕ್ಕನಿಗೆ ಇವತ್ತಿನವರೆಗೂ ಬಗೆಹರಿದಿಲ್ಲ. ಹಲ್ಲಿನ ಸಂದಿಯಲ್ಲಿ ನಗು ಇತ್ತೇ? ಇತ್ತು ಅನಿಸುತ್ತದೆ, ಇರಲಿಲ್ಲ ಅನಿಸುತ್ತದೆ. ಸುತ್ತೋಲೆಯನ್ನು ಚಿಕ್ಕವಳು ಓದಿಯೇ ಓದಿರಬೇಕು. ಹೆಡ್ ಗುಮಾಸ್ತರ ಚಟವೂ ಬೀದಿಗೆಲ್ಲಾ ಗೊತ್ತು. ಕೇಳದೆ ಹೋದರೆ ಅಕ್ಕ ಏನು ಮಾಡುತ್ತಾಳೆ ಅನ್ನುವುದನ್ನೂ ಎಣಿಸಿದ್ದಳೇ? ಹಾಗಾದರೆ ತನ್ನ ಹೊಟ್ಟೆಕಿಚ್ಚನ್ನೂ ಅವಳು ಕೂಲಿ ಕೊಡದೆ ಮೂವತ್ತು ದಿನ ದುಡಿಸಿಕೊಂಡಳೇ? ಹೊಟ್ಟೆಕಿಚ್ಚು ಪಡುವುದರಲ್ಲಿಯೂ ಅವಳ ಕೈಕೆಳಗಿನ ಆಳಾಗಿಬಿಟ್ಟೆನೇ? ಇದಕ್ಕಿಂತ ದೊಡ್ಡ ಸಂಕಟ ಗಂಟಕ್ಕನಿಗೆ ಬೇರೆ ಇರಲಿಲ್ಲ.

ಮುಂದಿನ ತಿಂಗಳು ಕಚೇರಿಯಲ್ಲಿ ಲಾಡಿ ನಿಂತಿತು. ಕಡತಗಳಿಗೆ ಪ್ಲಾಸ್ಟಿಕ್ ಕ್ಲಿಪ್ಪು ಬಂತು. ಅಟೆಂಡರುಗಳಲ್ಲಿ ಬೇಕಾದವರು ಮೊದಲೇ ನಿವೃತ್ತಿ ತೆಗೆದುಕೊಳ್ಳಬಹುದು ಅಂತ ಇನ್ನೊಂದು ಸುತ್ತೋಲೆ. ಅದನ್ನೂ ಅವಳೇ ಅಂಟಿಸಿದಳು. ಈ ಸಲ ಯಾರೂ ನಗಲಿಲ್ಲ.

ಶೆಡ್ಡು ಶುರುವಾಗುವ ದಿನ ಬೆಳಗ್ಗೆ ಗಂಟಕ್ಕ ಮಗಳ ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಒಂದು ಸುತ್ತು, ಎರಡು ಸುತ್ತು ಹೋಗಿದ್ದ ಕೈ ತಡೆಯಿತು. ಎರಡನ್ನೂ ಬಿಚ್ಚಿ ಮತ್ತೆ ಕಟ್ಟಿದಳು. ಬಾಲ ಹೊರಗೆ ಬಿಟ್ಟಳು. ಮಗಳು ನೋಡುತ್ತಿದ್ದಳು. ಆ ಗಂಟಿನ ವಿಷಯ ಇಬ್ಬರೂ ಅಂದಿನಿಂದ ಎತ್ತಿರಲಿಲ್ಲ.

"ನಿಮ್ಮ ಚಿಕ್ಕಮ್ಮ ಕಟ್ಟೋ ಕಟ್ಟು ಈಗೀಗ ಬಹಳ ಸಡಿಲ" ಅಂದಳು ಗಂಟಕ್ಕ, ಬುತ್ತಿಯನ್ನು ದೂಡುತ್ತಾ. "ಮೊನ್ನೆ ಸೈಕಲ್ಲಿಂದ ಅರ್ಧ ಬೀದಿಗೆ ಚೆಲ್ಲಿಕೊಂಡು ಹೋದ ನಿಮ್ಮ ಚಿಕ್ಕಪ್ಪ. ಇನ್ನು ಮೂವತ್ತೊಂಬತ್ತು ಜನ ಅಂಟಿಸೋದನ್ನೂ ಹಾಗೇನಾ ಕಟ್ಟೋದು?"

"ಅದನ್ನೇ ಚಿಕ್ಕಮ್ಮನೂ ಅಂದರು. ಕಟ್ಟೋ ಕೋಣೆಗೆ ಒಬ್ಬರು ಯಜಮಾನಿ ಬೇಕಂತೆ. ನೀನು ಬರ್ತೀಯಾ ಅಂತ ಕೇಳು ಅಂದರು."

"ಕೇಳು ಅಂದಳಾ? ನಿನ್ನ ಬಾಯಲ್ಲಾ? ಅವಳಿಗೆ ಬಾಯಿಲ್ಲವಾ?"

"ನಾನು ಕೇಳಿದರೆ ಬೈತಾಳೆ, ಅದಕ್ಕೇ ನೀನು ಹೇಳು ಅಂದರು" ಅಂತ ಮಗಳು ಚಪ್ಪಲಿ ಮೆಟ್ಟಿದಳು. ಬಾಗಿಲು ದಾಟಿ, ಅಂಗಳದಲ್ಲಿ ಅಷ್ಟು ದೂರ ಹೋಗಿ, ಕೈಗೆ ಸಿಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ತಿರುಗಿ ನಿಂತಳು. "ಇವತ್ತಿನ ತಾರೀಖು ಬರೆದಿಟ್ಟುಕೊಂಡಿದ್ದಾರಂತೆ. ಮೂವತ್ತು ದಿನದಲ್ಲಿ ನೀನು ತಕರಾರು ಮಾಡದಿದ್ದರೆ ಒಪ್ಪಿದ ಹಾಗೆಯೇ ಅಂತೆ!"

ನಡುವಿನ ಕೋಣೆಯಿಂದ ಅತ್ತೆ ನಕ್ಕ ಸದ್ದು ಕೇಳಿತು.

ಗಂಟಕ್ಕನಿಗೆ ಉತ್ತರ ಹೊಳೆಯಲಿಲ್ಲವೆಂದಲ್ಲ. ಒಂದಲ್ಲ, ಹತ್ತು ಹೊಳೆದವು. ಹತ್ತನೆಯ ದಿನ ನಲ್ಲಿಯ ಹತ್ತಿರ ಚಿಕ್ಕವಳು ಸಿಕ್ಕಾಗ ಒಂದು ನಾಲಿಗೆಯವರೆಗೂ ಬಂದಿತ್ತು. ಇಪ್ಪತ್ತನೆಯ ದಿನ, ಮಗಳು ಗೋಂದಿನ ಕೈಯಲ್ಲೇ ಆ ದಿನದ ಮಾತುಗಳನ್ನೆಲ್ಲಾ ಹೇಳುತ್ತಾ "ನಮ್ಮ ಶೆಡ್ಡು" ಅಂದಾಗ ಇನ್ನೊಂದು ಬಂದಿತ್ತು. ಇಪ್ಪತ್ತೊಂಬತ್ತನೆಯ ದಿನ ಚಿಕ್ಕವಳು ಕೊಡ ಹಿಡಿದು ನಿಂತು, ಬೇಕೆಂದೇ ನೀರನ್ನು ನಿಧಾನಕ್ಕೆ ತುಂಬುತ್ತಾ, ಇವಳ ಮುಖವನ್ನೇ ನೋಡಿದಳು. ಗಂಟಕ್ಕನ ಮುಖ ಗಂಟು ಹಾಕಿಕೊಂಡಿತು. ಹೊಟ್ಟೆಯಲ್ಲಿ ಬೆಂಕಿ ಇದ್ದ ಹಾಗೆಯೇ ಇತ್ತು. ಬಾಯಿ ತೆರೆದಳು.

ಮುಚ್ಚಿದಳು. ಕೊಡ ಎತ್ತಿಕೊಂಡು ಒಳಗೆ ಹೋದಳು.